ಸುಹೈಮಿಯವರ ಮನೆ

ಕೈರೋದ ದರ್ಬುಲ್ ಅಸ್ಫರ್ ಓಣಿಯಲ್ಲೊಂದು ಹಳೆಯ ಮನೆಯಿದೆ. 1648ರಲ್ಲಿ ಅದನ್ನು ಕಟ್ಟಿಸಿದವರು ಶೈಖ್ ಅಬ್ದುಲ್ ವಹ್ಹಾಬ್ ತಬ್ಲಾವಿ. 1796ರಲ್ಲಿ ವಿಸ್ತರಿಸಿದವರು ಇಸ್ಮಾಯಿಲ್ ಶಲಬಿ. ಆದರೆ ಆ ಮನೆಗೆ ಉಳಿದಿರುವುದು ಕೊನೆಯಲ್ಲಿ ಅಲ್ಲಿ ಬಾಳಿದ ಅಲ್ ಅಝ್ಹರ್‌ನ ವಿದ್ವಾಂಸ ಸುಹೈಮಿಯವರ ಹೆಸರು.

ಬೀದಿಗೆ ಕಾಣದ ಒಳಾಂಗಳ, ಮನೆಮಂದಿಯನ್ನು ಹೊರಗಿನ ನೋಟದಿಂದ ಮರೆಮಾಡುವ ಮಶ್ರಬಿಯ್ಯಾ ಎಂಬ ಮರದ ಜಾಲರಿ ಕಿಟಕಿಗಳು, ಅತಿಥಿಗಳಿಗೆಂದೇ ವಿಶಾಲ ಕೋಣೆಗಳು: ಲಜ್ಜೆ ಮತ್ತು ಅತಿಥಿಸತ್ಕಾರಗಳೆರಡೂ ಇಲ್ಲಿ ಕಲ್ಲುಮರಗಳಲ್ಲಿ ರೂಪ ತಳೆದಿವೆ.

1992ರ ಭೂಕಂಪದ ತರುವಾಯ ಜೀರ್ಣೋದ್ಧಾರಗೊಂಡ ಈ ಮನೆ ಈಗ ಕಲಾಕೇಂದ್ರ. ಅಳಿವಿನಂಚಿನಲ್ಲಿದೆಯೆಂದು 2018ರಲ್ಲಿ ಯುನೆಸ್ಕೋ ಪಟ್ಟಿ ಮಾಡಿದ ಅರಾಗೋಝ್ ಗೊಂಬೆಯಾಟಕ್ಕೆ ಇಲ್ಲಿ ಆಶ್ರಯ ದೊರೆತಿದೆ.

ನಾವಾದರೋ ಪಾಲು ಮಾಡುವಾಗ ಅಜ್ಜನ ಮನೆಯ ಗೋಡೆಗಳನ್ನು ಅಳೆಯುತ್ತೇವೆ. ಆ ಜಗಲಿಯಲ್ಲಿ ಅಲಿಫ್ ಬಾ ಕಲಿತ ಮಕ್ಕಳನ್ನು ಮರೆಯುತ್ತೇವೆ. ಹಿರಿಯರ ಮನೆ ಆಸ್ತಿ ಮಾತ್ರವಲ್ಲ, ಅಮಾನತ್ತೂ ಹೌದು.