ಸ್ವಾಗತಾಧ್ಯಕ್ಷರ ಪೀಠ

ನಮ್ಮ ನಾಡಿನ ದೊಡ್ಡ ಸಭೆಗಳಿಗೆ ಅಧ್ಯಕ್ಷರು ಒಬ್ಬರಲ್ಲ, ಇಬ್ಬರು. ಪರಸ್ಥಳದಿಂದ ಬಂದವರಿಗೆ ಇಳಿದುಕೊಳ್ಳಲು ಬಿಡಾರ, ಸ್ನಾನಕ್ಕೆ ಬಿಸಿನೀರು, ಹೊತ್ತಿಗೆ ಸರಿಯಾಗಿ ಊಟ ಇವನ್ನೆಲ್ಲ ಅಣಿಗೊಳಿಸಿ, ಮೊದಲ ದಿನ ವೇದಿಕೆಯನ್ನೇರಿ ಊರಿನ ಪೂರ್ವವೈಭವವನ್ನು ಬಣ್ಣಿಸಿ, ಇನ್ನೂ ಘಟಿಸದ ಲೋಪದೋಷಗಳಿಗೆ ಮುಂಗಡವಾಗಿಯೇ ಕ್ಷಮೆ ಬೇಡಿ ಕುಳಿತುಕೊಳ್ಳುವವರು ಸ್ವಾಗತಾಧ್ಯಕ್ಷರು. ತದನಂತರ ಎದ್ದು ಸಭೆಯ ವಿಚಾರಕ್ಕೆ ದಿಕ್ಕನ್ನು ತೋರುವವರು ಸಮ್ಮೇಳನಾಧ್ಯಕ್ಷರು. ಈಚೆಗೆ ವಿದ್ಯಾಲಯಗಳಲ್ಲಿ ನಡೆಯುತ್ತಿರುವ ಮಾದರಿ ವಿಶ್ವಸಂಸ್ಥೆಯ ಅಧಿವೇಶನಗಳಲ್ಲಿ, ಅಂದರೆ ವಿದ್ಯಾರ್ಥಿಗಳು ದೇಶದೇಶಗಳ ಪ್ರತಿನಿಧಿಗಳಾಗಿ ಅಭಿನಯಿಸುವ ಸಭೆಗಳಲ್ಲಿ, ಈ ಎರಡು ಹೊಣೆಗಳನ್ನೂ ಒಬ್ಬ ವಿದ್ಯಾರ್ಥಿಯೋ ವಿದ್ಯಾರ್ಥಿನಿಯೋ ಒಂದೇ ಕುರ್ಚಿಯಲ್ಲಿ ಕುಳಿತು ನಿರ್ವಹಿಸುವುದನ್ನು ಕಂಡಾಗ, ಈ ಬಾಲಾಧ್ಯಕ್ಷರ ವಂಶಾವಳಿಯನ್ನು ರಾಷ್ಟ್ರಸಂಘದ ಜಿನೀವಾದಲ್ಲಿ ಮಾತ್ರವಲ್ಲದೆ ತುಂಗಭದ್ರೆಯ ದಡದಲ್ಲಿಯೂ ಅರಸಬಹುದೆಂದು ನನಗೆ ತೋರುತ್ತದೆ.

1915ರ ಮೇ ತಿಂಗಳಿನಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ಪ್ರಥಮ ಸಾಹಿತ್ಯ ಸಮ್ಮೇಳನ ನೆರೆದಾಗ, ಕನ್ನಡ ಪ್ರಜೆ ಒಂದೇ ಆಳ್ವಿಕೆಯ ಪ್ರಜೆಯಾಗಿರಲಿಲ್ಲ. ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತಗಳು, ನಿಜಾಮರ ಹೈದರಾಬಾದು, ಕೊಡಗು, ಇವುಗಳ ಸಂದಿಯಲ್ಲಿ ಜಮಖಂಡಿ, ಸೊಂಡೂರು ಮೊದಲಾದ ಸಣ್ಣ ಸಂಸ್ಥಾನಗಳು, ಹೀಗೆ ಹರಿದು ಹಂಚಿಹೋಗಿದ್ದ ಜನ ಒಂದೆಡೆ ಸೇರುವುದೆಂದರೆ ಅದು ಅರೆಪಾಲು ರಾಯಭಾರವೇ ಆಗಿದ್ದಿತು. ರಾಣೆಬೆನ್ನೂರಿನ ನಿದರ್ಶನವನ್ನೇ ತೆಗೆದುಕೊಳ್ಳೋಣ. ಅದು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ ಊರು. ಅಲ್ಲಿ ರೈಲು ಹತ್ತಿದವನು ತುಂಗಭದ್ರೆಯನ್ನು ದಾಟಿ ಹರಿಹರದಲ್ಲಿ ಇಳಿದನೆಂದರೆ ಮೈಸೂರು ಮಹಾರಾಜರ ಸೀಮೆಯನ್ನು ಹೊಕ್ಕಂತೆಯೇ. ಇತ್ತ ಹಾವೇರಿಯಿಂದ ಎತ್ತಿನ ಗಾಡಿಯಲ್ಲಿ ಹೊರಟು ಸವಣೂರನ್ನು ಸೇರಿದವನು ನವಾಬರ ಸಂಸ್ಥಾನದಲ್ಲಿರುತ್ತಿದ್ದನು. ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿ 1922ರ ಸಮ್ಮೇಳನ ನಡೆದ ದಾವಣಗೆರೆ ರಾಣೆಬೆನ್ನೂರಿಗೆ ನೆರೆಯೂರೇ ಆಗಿದ್ದರೂ ಆಡಳಿತದ ಲೆಕ್ಕದಲ್ಲಿ ಪರರಾಜ್ಯವಾಗಿದ್ದಿತು. ಅಂಥ ಕಾಲದಲ್ಲಿ ಪ್ರತಿನಿಧಿಯೆಂಬ ಹೆಸರು ಬರಿಯ ಅಲಂಕಾರವಾಗಿರಲಿಲ್ಲ, ಸ್ವಾಗತ ಭಾಷಣ ಬರಿಯ ಉಪಚಾರವೂ ಆಗಿರಲಿಲ್ಲ.

ಈ ಉಪಚಾರದಲ್ಲಿ ಎಳೆಯರಿಗೆ ಮೊದಲಿನಿಂದಲೂ ಸ್ಥಾನವಿದ್ದುದಕ್ಕೆ 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಮಹಾಧಿವೇಶನವೇ ಸಾಕ್ಷಿ. ಗಾಂಧೀಜಿಯವರು ಅಧ್ಯಕ್ಷಪೀಠವನ್ನಲಂಕರಿಸಿದ ಏಕೈಕ ಅಧಿವೇಶನವದು. ಸ್ವಾಗತಾಧ್ಯಕ್ಷರು ಗಂಗಾಧರರಾವ್ ದೇಶಪಾಂಡೆಯವರು. ಬೀಡಿಗೆ ವಿಜಯನಗರವೆಂದೂ, ನೀರಿಗಾಗಿ ತೋಡಿದ ಬಾವಿಗೆ ಪಂಪಾಸರೋವರವೆಂದೂ ಹೆಸರಿಟ್ಟವರ ಕಲ್ಪನೆಯನ್ನು ಮೆಚ್ಚಲೇಬೇಕು. ಪ್ರತಿನಿಧಿಗಳ ಸೇವೆಗೆ ನಿಂತವರು ನಾ. ಸು. ಹರ್ಡೀಕರರ ಸೇವಾದಳದ ತರುಣರು. ಸ್ವಾಗತಗೀತೆಯನ್ನು ಹಾಡಿದವರಲ್ಲಿ, ಮುಂದೆ ಗಂಗೂಬಾಯಿ ಹಾನಗಲ್ಲ ಎಂದು ಲೋಕಪ್ರಸಿದ್ಧಳಾದ, ಆಗಿನ್ನೂ ಹನ್ನೊಂದರ ಹರೆಯದ ಬಾಲಿಕೆಯಿದ್ದಳು.

ಸ್ವಾಗತವೆಂದ ಮೇಲೆ ಹಾರದ ಮಾತು ಬರಲೇಬೇಕು. ಹಾರದ ಮಾತು ಬಂದರೆ ಹಾವೇರಿಯನ್ನು ಬಿಡುವಂತಿಲ್ಲ. ಏಲಕ್ಕಿ ಹಾವೇರಿಯ ಬೆಳೆಯಲ್ಲ, ಮಲೆನಾಡಿನದು. ಶಿರಸಿಯ ಕಡೆಯಿಂದ ಇಳಿದುಬಂದ ಕಾಯನ್ನು ಅಂಟುವಾಳದ ನೀರಿನಲ್ಲಿ ತೊಳೆದು ಬೆಳ್ಳಗೆ ಮಾಡಿ ಮಾರುವ ಕಸುಬು ಈ ಊರಿಗೆ ಹಿಂದೆ ಅನ್ನವಿಕ್ಕಿತು. ಆ ಕಸುಬಿನ ನೆರಳಿನಲ್ಲಿ ಪಟವೇಗಾರ ಮನೆತನದವರ ಕೈಯಲ್ಲಿ ಏಲಕ್ಕಿ ಹಾರದ ಕಲೆ ಬೆಳೆಯಿತು. ಗಾತ್ರ ಬಣ್ಣಗಳಲ್ಲಿ ಒಂದನ್ನೊಂದು ಹೋಲುವ ಕಾಯಿಗಳನ್ನು ಆರಿಸಿ, ಸೂಜಿಯಿಂದ ದಾರಕ್ಕೆ ಪೋಣಿಸಿ, ನಡುನಡುವೆ ಬಣ್ಣದ ದಾರದ ಗೊಂಡೆಗಳನ್ನೂ ಜರಿಯನ್ನೂ ಕೂಡಿಸಿ, ಎಳೆಯ ಪಕ್ಕದಲ್ಲಿ ಎಳೆಯನ್ನು ಸೇರಿಸಿ ಕಟ್ಟುವ ಈ ಹಾರ ಹೂಮಾಲೆಯಂತೆ ಸಂಜೆಗೆ ಬಾಡುವುದಿಲ್ಲ. ಅತಿಥಿಯ ಮನೆಗೆ ಹೋಗಿ ಎಷ್ಟೋ ಕಾಲ ಗೋಡೆಯ ಮೇಲೆ ಕಂಪು ಬೀರುತ್ತಿರುತ್ತದೆ. ಪ್ರಧಾನಮಂತ್ರಿಗಳ ಕೊರಳಿಗೂ ಅದು ಬಿದ್ದಿದೆ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಹಾವೇರಿಗೆ 86ನೆಯ ಸಾಹಿತ್ಯ ಸಮ್ಮೇಳನದ ಆತಿಥ್ಯದ ಸರದಿ ಬಂದುದು 2023ರ ಜನವರಿ 6, 7, 8ರಂದು; ದೊಡ್ಡರಂಗೇಗೌಡರು ಅಧ್ಯಕ್ಷರು. ಈ ಹೊತ್ತಿಗಾಗಲೇ ಸ್ವಾಗತಾಧ್ಯಕ್ಷತೆ ಊರ ಹಿರಿಯರ ಕೈತಪ್ಪಿ ಜಿಲ್ಲಾ ಉಸ್ತುವಾರಿ ಸಚಿವರ ಪಾಲಾಗುವುದು ರೂಢಿಯಾಗಿದ್ದಿತು. ಇದರಿಂದ ಊಟದ ಪಂಕ್ತಿ ದೀರ್ಘವಾಯಿತೆಂಬುದು ನಿಜ, ಭಾಷಣವೂ ದೀರ್ಘವಾಯಿತು.

ಇನ್ನು ವಿದ್ಯಾರ್ಥಿಗಳ ಮಾದರಿ ಸಭೆ. ಮೊದಲ ಮಹಾಯುದ್ಧಾನಂತರ ರಾಷ್ಟ್ರಸಂಘ ಸ್ಥಾಪಿತವಾದ ಕೆಲವೇ ವರ್ಷಗಳಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಹುಡುಗರು ಅದರ ಅಧಿವೇಶನವನ್ನು ಅಭಿನಯಿಸತೊಡಗಿದರು. 1945ರ ತರುವಾಯ ವಿಶ್ವಸಂಸ್ಥೆ ಅದರ ಸ್ಥಾನಕ್ಕೆ ಬಂದಿತು. ನಮ್ಮಲ್ಲಿ ಈ ಮಾದರಿ ಸಭೆಯ ಒಡಹುಟ್ಟು 1966ರಲ್ಲಿ ದೆಹಲಿಯ ಶಾಲೆಗಳಿಂದ ಆರಂಭವಾದ ಯುವ ಸಂಸತ್ತು. ಮಾದರಿ ಸಭೆಯ ಅಧ್ಯಕ್ಷರು ತಿಂಗಳ ಮೊದಲೇ ಪ್ರತಿನಿಧಿಗಳಿಗೆ ಸ್ವಾಗತಪತ್ರವನ್ನೂ ವಿಷಯದ ಟಿಪ್ಪಣಿಯನ್ನೂ ಬರೆದು ಕಳುಹಿಸಬೇಕು. ದಿನ ಬಂದಾಗ ದೇಶದೇಶದ ಹೆಸರು ಹಿಡಿದು ಹಾಜರಿ ಕೂಗಬೇಕು, ಭಾಷಣಕಾರರ ಪಟ್ಟಿಯನ್ನು ತೆರೆಯಬೇಕು, ಕ್ರಿಯಾಲೋಪವೆತ್ತಿದವನಿಗೆ ಸಮಾಧಾನ ಹೇಳಬೇಕು, ಗದ್ದಲವೆದ್ದರೆ ಮರದ ಸುತ್ತಿಗೆಯನ್ನು ಕುಟ್ಟಬೇಕು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಕಾರಣಿಕವೆಂಬ ಭವಿಷ್ಯವಾಣಿ ನುಡಿಯುವುದನ್ನು ನೋಡಿದವರಿಗೆ ಆ ಸುತ್ತಿಗೆ ಬಡಕಲಾಗಿಯೇ ಕಾಣುತ್ತದೆ. ಅಲ್ಲಿ ನವರಾತ್ರಿಯಲ್ಲಿ ಬಿಲ್ಲನ್ನೇರಿದ ಕಾರಣಿಕ ನುಡಿಯುವ ಗೊರವಯ್ಯ ‘ಸದ್ದಲೇ’ (ಸದ್ದು ಮಾಡಬೇಡಿ) ಎಂದು ಒಮ್ಮೆ ಕೂಗಿದರೆ ಸಹಸ್ರಾರು ಜನ ಉಸಿರು ಬಿಗಿಹಿಡಿಯುತ್ತಾರೆ.

ಅಣಕಿಗೂ ನಿಜಕ್ಕೂ ಇರುವ ಅಂತರವನ್ನು ತಿಳಿಯಬೇಕಾದರೆ ಮಂಗಳೂರಿನ ಬೆನೆಗಲ್ ನರಸಿಂಗರಾಯರನ್ನು ನೆನೆಯಬೇಕು. 1950ರ ಜೂನ್ ತಿಂಗಳಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷತೆ ಸರದಿಯಂತೆ ಭಾರತಕ್ಕೆ ಬಂದು ಅವರು ಪೀಠದಲ್ಲಿದ್ದಾಗಲೇ ಕೊರಿಯಾದ ಯುದ್ಧ ಸಿಡಿಯಿತು. 27ರಂದು ದಕ್ಷಿಣ ಕೊರಿಯಾಕ್ಕೆ ನೆರವೀಯುವ ನಿರ್ಣಯ ಮತಕ್ಕೆ ಬಂದಾಗ, ತಮ್ಮ ಸರ್ಕಾರದ ಸೂಚನೆ ಇನ್ನೂ ತಲುಪದ ಕಾರಣ, ಅಧ್ಯಕ್ಷರಾಗಿ ಮತವನ್ನೆಣಿಸಿದ ಅವರೇ ಭಾರತದ ಪ್ರತಿನಿಧಿಯಾಗಿ ಮತದಾನದಲ್ಲಿ ಪಾಲ್ಗೊಳ್ಳಲಿಲ್ಲ. ಭಾರತದ ಒಪ್ಪಿಗೆ ಆಮೇಲೆ ಬಂದಿತು. ಮಾದರಿ ಸಭೆಯ ನಿಯಮಗಳು ಅಧ್ಯಕ್ಷರನ್ನು ಈ ಸಂಕಟದಿಂದ ಪಾರುಮಾಡಿವೆ: ಅವರಿಗೆ ದೇಶವೂ ಇಲ್ಲ, ಮತವೂ ಇಲ್ಲ. ಬದಲಿಗೆ, ನಡು ಹೊತ್ತಿನಲ್ಲಿ ಪ್ರತಿನಿಧಿಗಳಿಗೆ ಊಟ ಎಲ್ಲಿ, ಎಷ್ಟು ಗಂಟೆಗೆ ಎಂಬುದನ್ನು ಅವರೇ ಸಾರಬೇಕು.