ಹಬ್ಬ ಎಂಬ ಒಂದೇ ಕನ್ನಡ ಪದ

ಬೆಂಗಳೂರಿನಲ್ಲಿ 2005ರಲ್ಲಿ ಶುರುವಾದ ‘ಜಪಾನ್ ಹಬ್ಬ’ಕ್ಕೆ ಆ ಹೆಸರಿಟ್ಟವರು ಯಾರೇ ಇರಲಿ, ಅವರಿಗೊಂದು ನಮಸ್ಕಾರ. ಫೆಸ್ಟಿವಲ್ ಅನ್ನಬಹುದಿತ್ತು, ಜಪಾನಿಯಲ್ಲೇ ‘ಮತ್ಸುರಿ’ ಅನ್ನಬಹುದಿತ್ತು. ಹಬ್ಬ ಅಂದರು. ಜಪಾನಿ ಕಲಿಯುವ ವಿದ್ಯಾರ್ಥಿಗಳು, ಕಲಿಸುವ ಮೇಷ್ಟ್ರುಗಳು, ಕೆಲಸಕ್ಕೆಂದು ಬೆಂಗಳೂರಿನಲ್ಲಿರುವ ಜಪಾನಿಯರು ಸೇರಿ ಕಟ್ಟಿದ ಈ ಕೂಟದಲ್ಲಿ ಹಾಡು, ಕುಣಿತ, ಒರಿಗಾಮಿ ಎಲ್ಲ ಉಂಟು. ಅನಿಮೆ ಪಾತ್ರಗಳ ವೇಷ ತೊಟ್ಟು ಬರುವ ಕಾಸ್‌ಪ್ಲೇಯೂ ಅದರೊಳಗೆ ಸೇರಿಕೊಂಡಿದೆ. ವೇದಿಕೆಯ ಮಾತು ಮಾತ್ರ ಹೆಚ್ಚಾಗಿ ಜಪಾನಿ, ಇಲ್ಲವೇ ಇಂಗ್ಲಿಷ್. ಹೆಸರೊಂದು ಕನ್ನಡದ್ದು.

ಅನಿಮೆ ಅಂದರೆ ಏನೆಂದು ನಮ್ಮ ಓದುಗರಲ್ಲಿ ಕಾಲೇಜಿನವರಿಗೆ ಹೇಳಬೇಕಿಲ್ಲ. ನನ್ನ ವಯಸ್ಸಿನವರಿಗಾಗಿ ಹೇಳುತ್ತೇನೆ: ಮಕ್ಕಳು ಊಟದ ತಟ್ಟೆ ಮುಂದಿಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುತ್ತಾರಲ್ಲ, ದೊಡ್ಡ ಕಣ್ಣಿನ ಜಪಾನಿ ಕಾರ್ಟೂನು, ಅದು. ಅದರ ಅಭಿಮಾನಿಗಳು ವರ್ಷಕ್ಕೊಮ್ಮೆ ಸೇರುವ ಜಾತ್ರೆಗಳು ಈಗ ಜಗತ್ತಿನ ತುಂಬ ಇವೆ. ಅವು ಒಂದೊಂದು ಸೀಮೆಯಲ್ಲಿ ಒಂದೊಂದು ಥರ ಬೆಳೆದಿವೆ. ಅವುಗಳ ಚರಿತ್ರೆ ಓದುತ್ತ ಹೋದಂತೆ ನನಗೊಂದು ಅನಿಸಿಕೆ ಗಟ್ಟಿಯಾಯಿತು. ಈ ಕಥೆಗಳು ಒಂದು ನಾಡಿನ ಮಕ್ಕಳಿಗೆ ಮೊದಲು ಯಾವ ಭಾಷೆಯಲ್ಲಿ ಕಿವಿಗೆ ಬಿದ್ದವೋ, ಅವರು ದೊಡ್ಡವರಾಗಿ ಕಟ್ಟುವ ಜಾತ್ರೆಯೂ ಅದೇ ಭಾಷೆಯಲ್ಲಿ ಮಾತಾಡುತ್ತದೆ.

ವೇಷದಿಂದಲೇ ಶುರು ಮಾಡೋಣ. ಕಾಸ್‌ಪ್ಲೇ ಜಪಾನಿನಲ್ಲೇ ಹುಟ್ಟಿದ್ದು ಎಂದು ಬಹಳ ಜನ ತಿಳಿದಿದ್ದಾರೆ. ಆದರೆ 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಅಕರ್ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬಿಬ್ಬರು ಭವಿಷ್ಯದ ಲೋಕದ ಉಡುಪು ತೊಟ್ಟು ಬಂದಿದ್ದರು. ಎರಡೂ ಉಡುಪನ್ನು ಹೊಲಿದವಳು ಡಗ್ಲಸ್. ಹೆಸರು ಮಾತ್ರ ಹೆಚ್ಚಾಗಿ ಅಕರ್ಮನ್ನನಿಗೆ ಬಂತು, ಆ ಮಾತು ಬೇರೆ. ‘ಕಾಸ್‌ಪ್ಲೇ’ ಎಂಬ ಪದವನ್ನು ಜಪಾನಿನಲ್ಲಿ ಟಂಕಿಸಿದವರು 1980ರ ದಶಕದ ಮೊದಲ ವರ್ಷಗಳಲ್ಲಿ ನೊಬುಯುಕಿ ತಕಹಾಶಿ.

ಜಪಾನಿನ ಜಾತ್ರೆಯ ಬೇರು ಪುಸ್ತಕದ ಸಂತೆಯಲ್ಲಿದೆ. 1975ರ ಡಿಸೆಂಬರ್ 21ರಂದು ಟೋಕಿಯೋದ ಒಂದು ಸಭಾಂಗಣದಲ್ಲಿ 32 ಹವ್ಯಾಸಿ ಗುಂಪುಗಳು ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ಕಾಮಿಕ್ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ ಕೂತವು. ಬಂದವರು ಸುಮಾರು 700 ಜನ, ಬಹುಪಾಲು ಶಾಲೆಗೆ ಹೋಗುವ ಹುಡುಗಿಯರು. ಇದೇ ಕಾಮಿಕ್ ಮಾರ್ಕೆಟ್, ಚುಟುಕಾಗಿ ಕಾಮಿಕೆಟ್. ಅಲ್ಲಿ ಗಿರಾಕಿ ಎಂಬ ಮಾತೇ ಇಲ್ಲ. ಮಾರುವವರು, ಕೊಳ್ಳುವವರು, ಸಾಲು ನಿಲ್ಲಿಸುವ ಸ್ವಯಂಸೇವಕರು ಎಲ್ಲರಿಗೂ ಒಂದೇ ಹೆಸರು, ‘ಭಾಗವಹಿಸುವವರು’. 2019ರ ಡಿಸೆಂಬರಿನಲ್ಲಿ ನಾಲ್ಕು ದಿನಕ್ಕೆ ಏಳೂವರೆ ಲಕ್ಷ ಜನ ಬಂದಾಗಲೂ ಅದನ್ನು ನಡೆಸಿದ್ದು ಸ್ವಯಂಸೇವಕರೇ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಹತ್ತು ಜನರನ್ನು ಸೋಮವಾರ ಬೆಳಿಗ್ಗೆ ಒಂದು ಮೀಟಿಂಗಿಗೆ ಸರಿಹೊತ್ತಿಗೆ ಕೂರಿಸಲು ಹೆಣಗುವ ನನಗೆ ಈ ಸಂಗತಿ ಪುರಾಣದ ಪವಾಡದಂತೆ ಕಾಣುತ್ತದೆ.

ಅಮೆರಿಕದಲ್ಲಿ ವಿಡಿಯೋ ಕ್ಯಾಸೆಟ್ಟಿನ ಕಾಲ. ಅಭಿಮಾನಿಗಳೇ ಇಂಗ್ಲಿಷ್ ಅಡಿಬರಹ ಸೇರಿಸಿ, ಖಾಲಿ ಕ್ಯಾಸೆಟ್ಟಿನ ಕಾಸು ಪಡೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಪೆನ್ಸಿಲ್ವೇನಿಯಾದ ವಿದ್ಯಾರ್ಥಿಗಳು 1994ರಲ್ಲಿ ಆರಂಭಿಸಿದ ಒಟಾಕಾನ್‌ಗೆ ಮೊದಲ ವರ್ಷ ಬಂದವರು 350 ಜನ. ಫ್ರಾನ್ಸಿನ ದಾರಿ ಬೇರೆ. ಅಲ್ಲಿ 1987ರಿಂದ 1997ರವರೆಗೆ ‘ಕ್ಲಬ್ ಡೊರೊತೆ’ ಎಂಬ ಟಿವಿ ಕಾರ್ಯಕ್ರಮ ಮಕ್ಕಳಿಗೆ ಫ್ರೆಂಚಿನಲ್ಲೇ ಅನಿಮೆ ಉಣಬಡಿಸಿತು. ಆ ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ಪ್ಯಾರಿಸ್ಸಿನ ಜಪಾನ್ ಎಕ್ಸ್‌ಪೋ ತಲೆಯೆತ್ತಿತು. ಬ್ರೆಜಿಲ್ಲಿನ ಕಥೆ ವಲಸಿಗರಾದ ನಮಗೆ ಇನ್ನೂ ಹತ್ತಿರದ್ದು. 1908ರಲ್ಲಿ ಕಾಫಿ ತೋಟದ ಕೂಲಿಗೆಂದು ಜಪಾನಿಯರು ಹಡಗು ಹತ್ತಿ ಅಲ್ಲಿಗೆ ಹೋದರು. 1994ರಲ್ಲಿ ಅಲ್ಲಿನ ಟಿವಿಯಲ್ಲಿ ‘ಸೇಂಟ್ ಸೇಯಾ’ ಪೋರ್ಚುಗೀಸಿನಲ್ಲಿ ಬಂದು ಮನೆಮನೆಗೆ ಹೊಕ್ಕಿತು. 2003ರಲ್ಲಿ ಸಾವೊ ಪಾಲೊದಲ್ಲಿ ಆರಂಭವಾದ ‘ಅನಿಮೆ ಫ್ರೆಂಡ್ಸ್’ ಜಾತ್ರೆಯಲ್ಲಿ ಪೋರ್ಚುಗೀಸ್ ದನಿ ಕೊಟ್ಟ ಕಲಾವಿದರಿಗೆ ತಾರೆಯರ ಮರ್ಯಾದೆ. ಬಾಲ್ಯದಲ್ಲಿ ಕೇಳಿದ ದನಿಯ ಒಡೆಯನನ್ನು ಎದುರಿಗೆ ನೋಡಿ ಗಡ್ಡ ಬಂದವರೂ ಕಣ್ಣು ತುಂಬಿಕೊಳ್ಳುತ್ತಾರೆ.

ಇನ್ನು ನಮ್ಮ ದೇಶ. 1993ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೊಗ್ಲಿಯ ‘ಜಂಗಲ್ ಬುಕ್’ ನೋಡಿದ ನಾವೆಲ್ಲ ಅನಿಮೆಯನ್ನೇ ನೋಡುತ್ತಿದ್ದೆವು, ಅದು ಜಪಾನಿನ ನಿಪ್ಪಾನ್ ಅನಿಮೇಷನ್ ತಯಾರಿಸಿದ್ದು ಎಂದು ತಿಳಿಯದೆ. ಶೀರ್ಷಿಕೆ ಗೀತೆ ಗುಲ್ಜಾರರದು, ಹಾಗಾಗಿ ನಮ್ಮ ಮೊಗ್ಲಿಯ ಭಾಷೆ ಹಿಂದಿ. ಅದೇ ಹೊತ್ತಿಗೆ ಯೂಗೋ ಸಾಕೋ ಎಂಬ ಜಪಾನಿ, ನಮ್ಮವರೇ ಆದ ರಾಮ್ ಮೋಹನ್ ಜೊತೆ ಸೇರಿ, ರಾಮಾಯಣವನ್ನೇ ಅನಿಮೆ ಮಾಡಿ ಮುಗಿಸಿದ್ದರು. ಅದು ದೇಶದ ಚಿತ್ರಮಂದಿರಗಳಿಗೆ ಸಡಗರದಿಂದ ಬಂದದ್ದು 2025ರ ಜನವರಿಯಲ್ಲಿ. ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ ಬಂತು. 2004ರಲ್ಲಿ ಅನಿಮ್ಯಾಕ್ಸ್ ಚಾನೆಲ್, 2005ರಲ್ಲಿ ಹಂಗಾಮಾದಲ್ಲಿ ಡೋರೆಮಾನ್. ಸುರತ್ಕಲ್ಲಿನಲ್ಲಿ ನಾನು ಎಂಟೆಕ್ ಮಾಡುವಾಗ ಹಾಸ್ಟೆಲಿನ ಲ್ಯಾನ್‌ನಲ್ಲಿ ‘ನರುಟೊ’ ಸಂಚಿಕೆಗಳು ಇಂಗ್ಲಿಷ್ ಅಡಿಬರಹದೊಂದಿಗೆ ಹರಿದಾಡುತ್ತಿದ್ದವು. ಮೆಸ್ಸಿನ ಜಗಳಗಳಿಗೂ ಅದರ ಉಪಮೆಗಳೇ.

ಜಾತ್ರೆಗಳು ತಡವಾಗಿ ಬಂದವು. ದಿಲ್ಲಿ ಹಾಟ್‌ನಲ್ಲಿ 2011ರ ಫೆಬ್ರವರಿಯಲ್ಲಿ ಕಾಮಿಕ್ ಕಾನ್. ಅದೇ ವರ್ಷ ಮುಂಬೈ, ಮರುವರ್ಷ ಬೆಂಗಳೂರಿನ ಕೋರಮಂಗಲ. ಅವು ಅನಿಮೆಗೆಂದೇ ಮೀಸಲಾದವಲ್ಲ, ಸೂಪರ್‌ಮ್ಯಾನ್ ಪಕ್ಕದಲ್ಲಿ ನರುಟೊ. ಅನಿಮೆಯನ್ನೇ ನಡುಮನೆಯಲ್ಲಿ ಕೂರಿಸಿದ್ದು ನಾಗಾಲ್ಯಾಂಡ್. ‘ನಾಗಾಲ್ಯಾಂಡ್ ಅನಿಮೆ ಜಂಕೀಸ್’ ಎಂಬ ಗುಂಪು 2013ರಿಂದ ಕೊಹಿಮಾದಲ್ಲಿ ಕಾಸ್‌ಫೆಸ್ಟ್ ಮಾಡುತ್ತ ಬಂದಿದೆ. 1944ರಲ್ಲಿ ಜಪಾನಿ ಸೈನ್ಯ ಬಂದು ಭೀಕರ ಯುದ್ಧ ನಡೆದ ಊರು ಅದು. ಅದೇ ಊರಿನ ಹುಡುಗರು ಜಪಾನಿ ಕಥೆಗಳ ವೇಷ ಕಟ್ಟುತ್ತಾರೆ.

ಮುಂಬೈ ಕಡೆಯ ನಮಗೆ ದೊಡ್ಡ ಅನಿಮೆ ಜಾತ್ರೆ ಸಿಕ್ಕಿದ್ದು 2025ರ ಆಗಸ್ಟ್ 22ರಿಂದ 24ರವರೆಗೆ, ಗೋರೆಗಾಂವಿನ ನೆಸ್ಕೋದಲ್ಲಿ, ‘ಅನಿಮೆ ಇಂಡಿಯಾ’ ಹೆಸರಿನಲ್ಲಿ. ಹನ್ನೊಂದನೆಯ ತರಗತಿಯ ನನ್ನ ಮಗಳು ‘ಡೀಮನ್ ಸ್ಲೇಯರ್’ ಕಥೆಯ ನೆಜುಕೊ ಆದಳು. ವಾಶಿಯಲ್ಲಿ ತಂದ ಗುಲಾಬಿ ಬಟ್ಟೆಯ ಕಿಮೊನೊ, ಬಾಯಿಗೆ ಅಡ್ಡಲಾಗಿ ಹಸಿರು ಬಳಿದ ಬಿದಿರ ತುಂಡು. ನೆಜುಕೊ ರಾಕ್ಷಸಿಯಾದವಳು, ಮನುಷ್ಯರನ್ನು ಕಚ್ಚದಿರಲೆಂದು ಆ ಬಿದಿರು. ತುರ್ಭೆ ಸ್ಟೇಷನ್ನಿನಲ್ಲಿ ನಾವಿಬ್ಬರೂ ಕನ್ನಡದಲ್ಲಿ ಮಾತಾಡುವುದು ಕೇಳಿ, ಎಪಿಎಂಸಿ ಕಡೆ ಹೊರಟಿದ್ದ ಕಲಬುರಗಿ ಸೀಮೆಯ ಹೆಂಗಸೊಬ್ಬರು ನಿಂತರು. “ಏನ್ ತಂಗಿ, ಹಗಲವೇಷ ಹಾಕೀ ಏನ?” ಮಗಳು ಬಿದಿರು ತೆಗೆದು ನಕ್ಕಳು. ಹಗಲುವೇಷ ಅಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ವಾಶಿಯಲ್ಲಿ ಇಳಿದು, ವಡಾಲಾದಲ್ಲಿ ಗೋರೆಗಾಂವ್ ಲೋಕಲ್ ಹಿಡಿಯುವವರೆಗೆ, ಹಗಲು ಹೊತ್ತಿನಲ್ಲಿ ರಾಮ, ಭೀಮ, ಶೂರ್ಪನಖಿಯರ ವೇಷ ಹಾಕಿ ಓಣಿ ಓಣಿ ತಿರುಗುತ್ತಿದ್ದ ಕಲಾವಿದರ ಕಥೆ ಹೇಳಿದೆ. “ಅಂದ್ರೆ ಅಪ್ಪ, ಅವರಿಗೆ ಎಂಟ್ರಿ ಟಿಕೆಟ್ ಇರ್ಲಿಲ್ಲ, ಅಷ್ಟೇ ವ್ಯತ್ಯಾಸ” ಅಂದಳು. ವ್ಯತ್ಯಾಸ ಅಷ್ಟೇ ಅಲ್ಲ. ಅವರಿಗದು ಹೊಟ್ಟೆಪಾಡು, ಹುಟ್ಟಿನಿಂದ ಬಂದ ಕಸುಬು. ಇವಳದು ಶನಿವಾರದ ರಜೆ.

ನಾಲ್ಕು ದಿನ ಕಳೆದರೆ ಗಣೇಶ ಚೌತಿ. ರೈಲಿನ ತುಂಬ ಮಖರದ ಸಾಮಾನು, ಅದರ ನಡುವೆ ಡೊಂಬಿವಿಲಿ, ಕಲ್ಯಾಣ್ ಕಡೆಯಿಂದ ಬಂದ ಕತ್ತಿ ಹಿಡಿದ ಹುಡುಗರು. ನೆಸ್ಕೋದೊಳಗೆ ಇಂಗ್ಲಿಷ್, ಹಿಂದಿ, ಮರಾಠಿ, ಅಷ್ಟಿಷ್ಟು ಜಪಾನಿ ಕಿವಿಗೆ ಬಿದ್ದವು. ಕನ್ನಡ ಮಾತಾಡಿದವರು ನಾವಿಬ್ಬರೇ ಇದ್ದಿರಲಾರೆವು. ಮಳೆಗಾಲವೆಂದರೆ ಊರಿನ ಯಕ್ಷಗಾನ ಮೇಳಗಳು ಮುಂಬೈಗೆ ಬರುವ ಕಾಲವೂ ಹೌದು. ಅದೇ ವಾರ ನಗರದ ಯಾವುದೋ ಸಭಾಗೃಹದಲ್ಲಿ ಕನ್ನಡಿಗರು ಕಿರೀಟ ಕಟ್ಟಿಕೊಂಡು ಶುದ್ಧ ಕನ್ನಡದಲ್ಲಿ ಯುದ್ಧಕ್ಕೆ ಕರೆಯುತ್ತಿದ್ದಿರಬೇಕು.

ಮುಂದಿನ ತಿಂಗಳು, ಸೆಪ್ಟೆಂಬರ್ 12ಕ್ಕೆ, ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ದೇಶದಾದ್ಯಂತ ಬಿಡುಗಡೆಯಾಯಿತು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಮತ್ತೆ ಕನ್ನಡವಿಲ್ಲ. ಇದಕ್ಕೆ ಜಪಾನಿಯರನ್ನು ಬೈದು ಫಲವಿಲ್ಲ, ಮೂಲ ನಮ್ಮಲ್ಲೇ ಇದೆ. 1960ರ ದಶಕದಲ್ಲಿ ಅನಕೃ ಮುಂತಾದವರು ಡಬ್ಬಿಂಗ್ ಬೇಡ ಎಂದಾಗ ಅದಕ್ಕೆ ಗಟ್ಟಿ ಕಾರಣವಿತ್ತು. ಮದರಾಸಿನ ಸ್ಟುಡಿಯೋಗಳ ನೆರಳಲ್ಲಿದ್ದ ಪುಟ್ಟ ಚಿತ್ರರಂಗ ತನ್ನ ಕಾಲ ಮೇಲೆ ನಿಲ್ಲಬೇಕಿತ್ತು, ನಿಂತಿತು. ಆದರೆ ಬೇಲಿ ಅರ್ಧ ಶತಮಾನ ಹಾಗೇ ಉಳಿಯಿತು. ಚಿಂಟು ಟಿವಿ 2009ರಲ್ಲಿ ಬಂದ ಮೇಲೆ ಕಾರ್ಟೂನುಗಳು ಕನ್ನಡ ಮಾತಾಡಿದವು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂತು, 2017ರಲ್ಲಿ ‘ಸತ್ಯದೇವ್ ಐಪಿಎಸ್’ ತೆರೆಕಂಡಿತು. ಅಷ್ಟರಲ್ಲಿ ಎರಡು ಮೂರು ತಲೆಮಾರಿನ ಮಕ್ಕಳು ಬೇರೆ ಭಾಷೆಯಲ್ಲಿ ಕನಸು ಕಾಣಲು ಕಲಿತಿದ್ದರು. ನಮ್ಮ ಕೆಜಿಎಫ್, ಕಾಂತಾರ ಹಿಂದಿಗೆ ಡಬ್ ಆಗಿ ಗೆದ್ದಾಗ ಕುಣಿದ ನಾವು, ಬರುವ ದಾರಿಯನ್ನೂ ಅಷ್ಟೇ ಅಗಲ ಮಾಡಿಕೊಳ್ಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಊರಿನಲ್ಲಿದ್ದವರಿಗೆ ಇದು ದೊಡ್ಡ ನಷ್ಟ ಎನಿಸದಿರಬಹುದು. ಕನ್ನಡ ಶಾಲೆಯಲ್ಲಿಲ್ಲದ, ಬೀದಿಯಲ್ಲಿಲ್ಲದ, ಮನೆಯ ನಾಲ್ಕು ಗೋಡೆಗಳೊಳಗೆ ಮಾತ್ರ ಇರುವ ನಮ್ಮಂಥವರ ಮಕ್ಕಳಿಗೆ ಆಟದ ಕನ್ನಡವೂ ಇಲ್ಲವಾದರೆ ಉಳಿಯುವುದು ಅಡುಗೆಮನೆಯ ಕನ್ನಡ.

ಬೇಸರದ ಸಂಗತಿಯೆಂದರೆ, ಅನಿಮೆಗೆ ಕನ್ನಡ ಇಂಗ್ಲಿಷಿಗಿಂತ ಚೆನ್ನಾಗಿ ಹೊಂದುತ್ತದೆ. ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದು. ನೆಜುಕೊ ಅಣ್ಣನನ್ನು ಕರೆಯುವ ‘ಒನೀಚಾನ್’ ಇಂಗ್ಲಿಷ್ ಅಡಿಬರಹದಲ್ಲಿ ಬರೀ ‘ತಂಜಿರೊ’ ಆಗುತ್ತದೆ, ಒಡಹುಟ್ಟಿದ ಸಲಿಗೆಯೇ ಮಾಯ. ಕನ್ನಡಕ್ಕೆ ‘ಅಣ್ಣ’ ಸಾಕು. ಎದೆ ಬಡಿದರೆ ಅವರಿಗೆ ‘ಡೊಕಿ ಡೊಕಿ’, ನಮಗೆ ‘ಡವಡವ’. ಮಿಂಚಿದರೆ ಅವರಿಗೆ ‘ಪಿಕಾ ಪಿಕಾ’, ನಮಗೆ ‘ಫಳಫಳ’. ಪಿಕಾಚು ಎಂಬ ಹೆಸರು ಹುಟ್ಟಿದ್ದು ಆ ಮಿಂಚಿನಿಂದ ಮತ್ತು ಇಲಿಯ ‘ಚೂ’ ಎಂಬ ದನಿಯಿಂದ. ಶಿಶುಗೀತೆ ಕಟ್ಟಿದ ನಮ್ಮ ಕವಿಗಳ ಕೈಗೆ ಸಿಕ್ಕಿದ್ದರೆ ಅವನಿಗೆ ಎಂಥ ಹೆಸರು ಬರುತ್ತಿತ್ತೋ!

ಮಗಳು ಈಗ ಗೆಳತಿಯೊಬ್ಬಳ ಜೊತೆ ಒಂದು ನಿಮಿಷದ ದೃಶ್ಯಕ್ಕೆ ಕನ್ನಡ ದನಿ ಕೊಡಲು ಕೂತಿದ್ದಾಳೆ. ಗೆಳತಿ ಐರೋಲಿಯ ಉಡುಪಿ ಹೋಟೆಲಿನವರ ಮಗಳು, ಅವಳ ಕನ್ನಡದಲ್ಲಿ ತುಳು ಇಣುಕುತ್ತದೆ. ಮೊನ್ನೆ ಇಬ್ಬರೂ ‘ಇತ್ತೆಕಿಮಾಸು’ ಎಂಬ ಮಾತಿಗೆ ಸಿಕ್ಕಿಕೊಂಡರು. ಮನೆಯಿಂದ ಹೊರಡುವಾಗ ಜಪಾನಿಯರು ಹೇಳುವ ಮಾತದು. ಇಂಗ್ಲಿಷ್ ಅಡಿಬರಹದಲ್ಲಿ ಬರೀ ‘ಹೊರಟೆ’ ಎಂಬರ್ಥದ ಮಾತಿತ್ತು. ಜಪಾನಿಯ ಪದ ಬಿಡಿಸಿ ನೋಡಿದರೆ ‘ಹೋಗಿ’ ಮತ್ತು ‘ಬರುತ್ತೇನೆ’. ಗೆಳತಿ ತಲೆಯೆತ್ತಿ, “ಅಂಕಲ್, ಇದು ನಮ್ಮಮ್ಮ ದಿನಾ ಹೇಳುವುದೇ ಅಲ್ವಾ?” ಅಂದಳು. ಹಾಳೆಯಲ್ಲಿ ಬರೆದುಕೊಂಡರು: ಹೋಗಿ ಬರ್ತೀನಿ.