ಕಡಲು ದಾಟಿದ ಪಿಯಾನೋ

ಮಳೆಗಾಲದ ಸಂಜೆ ಕಚೇರಿಗೆ ಮುನ್ನ ಮೃದಂಗದವರು ಅಂಚನ್ನು ಕಲ್ಲಿನಿಂದ ತಟ್ಟಿ ತಟ್ಟಿ ಶ್ರುತಿಗೆ ತರುವುದನ್ನು ತಾವು ಕಂಡೇ ಇರುತ್ತೀರಿ. ಚರ್ಮಕ್ಕೆ ತೇವ ತಗುಲಿದರೆ ನಾದ ಇಳಿಯುವುದು. ಮದ್ದು ವಾದಕರ ಕೈಯಲ್ಲೇ ಇದೆ. ಇನ್ನೂರಕ್ಕೂ ಮಿಕ್ಕ ತಂತಿಗಳುಳ್ಳ ಪಿಯಾನೋದ ಗತಿಯೇನು?

ಸುಮಾರು 1700ರ ವೇಳೆಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಎಂಬ ಕುಶಲಿಯು ಈ ವಾದ್ಯವನ್ನು ರೂಪಿಸಿದನು. ಮುಂದೆ ಅದು ಐರೋಪ್ಯರೊಡನೆ ಹಡಗೇರಿ ಕಲ್ಕತ್ತೆ, ಮದರಾಸುಗಳಿಗೆ ಬಂದಿತು. ತೊಡಕು ಆಮೇಲಿನದು. ಈ ವಾದ್ಯದ ಜೀವವೆಂದರೆ ನಾದಫಲಕ. ಸ್ಪ್ರೂಸ್ ಎಂಬ ಶೀತದೇಶದ ಮರದ ತೆಳುಹಲಗೆಗಳನ್ನು ಕೂಡಿಸಿ, ನಡುವೆ ತುಸು ಉಬ್ಬಿರುವಂತೆ ಅದನ್ನು ಮಾಡುತ್ತಾರೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಮರವು ಅಡ್ಡಲಾಗಿ ಹಿಗ್ಗಿ, ಉಬ್ಬು ಏರಿ, ತಂತಿಗಳು ಬಿಗಿಯುವವು, ಶ್ರುತಿ ಮೇಲೇರುವುದು. ಅಂದರೆ ಮೃದಂಗಕ್ಕೆ ನೇರ ವಿರುದ್ಧ! ಬೇಸಗೆಯಲ್ಲಿ ಶ್ರುತಿ ಇಳಿಯುವುದಲ್ಲದೆ ಹಲಗೆ ಸೀಳುವುದೂ ಉಂಟು. ತೊಗಲನ್ನು ಬೇಯಿಸಿ ಮಾಡಿದ ಹಳೆಯ ಸರೇಸು ತೇವಕ್ಕೂ ಸೆಕೆಗೂ ಮೆತ್ತಗಾಗಿ ಪದರಗಳು ಬಿಟ್ಟುಕೊಳ್ಳುತ್ತಿದ್ದವು. ಸುತ್ತಿಗೆಗಳ ಉಣ್ಣೆಗೆ ನುಸಿ. ಗೆದ್ದಲಿನ ಮಾತು ಬೇರೆ ಹೇಳಬೇಕೆ?

ತಯಾರಕರು ಸುಮ್ಮನಿರಲಿಲ್ಲ. ಉಷ್ಣದೇಶಗಳಿಗೆಂದೇ ಗಟ್ಟಿ ಮರದ, ಅಂಟೊಂದನ್ನೇ ನೆಚ್ಚದೆ ಹಿತ್ತಾಳೆಯ ತಿರುಪು ಹಾಕಿದ ಪಿಯಾನೋಗಳನ್ನು ಕಳುಹಿಸಿದರು. 1825ರಲ್ಲಿ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕನು ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟು ಪಡೆದನು. ಇಂದಿನ ದೊಡ್ಡ ಪಿಯಾನೋದಲ್ಲಿ ತಂತಿಗಳ ಒಟ್ಟು ಎಳೆತ ಸುಮಾರು 20 ಟನ್ನು. ಬರಿಯ ಮರ ಅದನ್ನು ತಾಳಲಾರದು. ಸಿಡ್ನಿಯ ಬೀಲ್ ಕಾರ್ಖಾನೆಯವರು ಆಸ್ಟ್ರೇಲಿಯದ ಹವೆಗೆ ಅಂಜಿ, ಬಿರಡೆಗಳನ್ನು ಹಿಡಿಯುವ ಮರದ ದಿಮ್ಮಿಯ ಬದಲು ಅಲ್ಲಿಯೂ ಕಬ್ಬಿಣವನ್ನೇ ಇಟ್ಟರು. ನಾದಫಲಕ ಮಾತ್ರ ಮರವಾಗಿಯೇ ಉಳಿಯಿತು.

ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಪಿಯಾನೋವನ್ನು ಶಾಸ್ತ್ರೀಯವಾಗಿ ಕಲಿತವರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿ ಪಡೆದರು. ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರೂ ಅವರೇ. ತಟ್ಟೆಯಲ್ಲಿ ಹಿಡಿದ ಶ್ರುತಿಯನ್ನು ಮುಂಗಾರು ಕೆಡಿಸಲಾರದಷ್ಟೆ!

ಒದ್ದೆನಾಡುಗಳಲ್ಲಿ ವಾದ್ಯದೊಳಗೆ ಸಣ್ಣ ವಿದ್ಯುದ್ದೀಪ ಉರಿಸುವುದು, ಒಣನಾಡುಗಳಲ್ಲಿ ನೀರಿನ ಪಾತ್ರೆ ಇಡುವುದು ಹಳೆಯ ರೂಢಿ. ಆದರೆ ನನ್ನನ್ನು ಕೇಳಿದರೆ, ತೇವಕ್ಕಿಂತ ಅದರ ಏರಿಳಿತವೇ ದೊಡ್ಡ ಶತ್ರು. ಗಾಳಿಯ ತೇವಾಂಶ ಶೇಕಡಾ 40ರಿಂದ 60ರೊಳಗೆ, ಹೆಚ್ಚು ಅಲುಗದೆ ನಿಂತರೆ ವಾದ್ಯ ಬಾಳುವುದು. ಮನೆಯ ಬೆಲೆಯ ಪಿಯಾನೋ ತರಿಸಿ, ಕಚೇರಿಯ ದಿನ ಮಾತ್ರ ಹವಾನಿಯಂತ್ರಣ ನಡೆಸಿ, ಮರುದಿನ ಬಾಗಿಲು ಹಾಕುವ ಸಭೆಗಳಿಗೆ ಏನೆನ್ನಬೇಕು? ಇನ್ನು ಮನೆಯಲ್ಲಿ ಪಿಯಾನೋ ಇರುವವರು ಮಳೆ ಹಿಡಿದ ಮೊದಲ ವಾರವೇ ಶ್ರುತಿ ಮಾಡುವವರನ್ನು ಕರೆಯುವುದು ಬೇಡ. ಮರವು ಹೊಸ ಹವೆಗೆ ಒಗ್ಗಲು ಕೆಲವು ವಾರಗಳಾದರೂ ಬೇಕು. ಅಲ್ಲಿಯವರೆಗೆ ತಿರುಗಿಸಿದ ಬಿರಡೆ ವ್ಯರ್ಥ.